ಎದುರುಗಡೆಗೆ ಹೋಗಲು ಮೆಜೆಸ್ಟಿಕ್ ಬಸ್ಸು

ನಮ್ಮ ಭಾವ ಯಾವುದಕ್ಕೂ ಹೆದರುವ ಗಂಡಸಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದ್ದೇ! ಗುಡುಗು ಬಂದಾಗ ಮಂಚದ ಕೆಳಗೆ ತಲೆ ತೂರಿಸುತ್ತಿದ್ದರಲ್ಲ, ಅದು ಚಪ್ಪಲಿ ಹುಡುಕಲು. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರಲ್ಲ, ಅದು ಮಂಡಿಗೆ ವ್ಯಾಯಾಮ. ಮದುವೆ ಮನೆಯಲ್ಲಿ ಸದಾ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಿದ್ದರಲ್ಲ, ಅದು ಗಾಳಿಗೆ. ನಾವೆಲ್ಲ ಹೆದರಿದರೆ ಹೆದರಿದೆವು ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಭಾವನಿಗೆ ಮಾತ್ರ ಒಂದೊಂದಕ್ಕೂ ಒಂದೊಂದು ಕಾರಣ ಬೇಕಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ತೊಂಬತ್ತರ ದಶಕದ ನಡುವಿನಲ್ಲಿ ನಾನು ದಾವಣಗೆರೆಯಿಂದ ಬಂದು ಟಿ. ದಾಸರಹಳ್ಳಿಯ ಅಕ್ಕನ ಮನೆಯಲ್ಲಿದ್ದುಕೊಂಡು ಪೀಣ್ಯದ ಸಣ್ಣ ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಭಾವನೂ ಪೀಣ್ಯದಲ್ಲೇ, ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಮಾಲಿನಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ರಿಜೆಕ್ಟ್! ಎಲ್ಲಿ ಏನು ಕೆಟ್ಟಿರಬಹುದು ಎಂದು ಇಡೀ ದಿನ ಯೋಚಿಸುವುದಕ್ಕೇ ಸಂಬಳ ಪಡೆಯುವ ಮನುಷ್ಯ ಸಂಜೆ ಆ ಯೋಚನೆಯನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುತ್ತಾನೆಯೇ? ನಮ್ಮ ಭಾವ ಅದನ್ನು ಟಿಫನ್ ಕ್ಯಾರಿಯರ್ ಜೊತೆಗೆ ಮನೆಗೇ ತರುತ್ತಿದ್ದರು.

ಮೊದಲ ಸಲ ಅವರ ಎದೆ ಡವಗುಟ್ಟಿದ್ದು ಕ್ಯಾಂಟೀನಿನಲ್ಲಿ, ಚಿತ್ರಾನ್ನ ತಿನ್ನುವಾಗ. ಕೈಕಾಲು ತಣ್ಣಗಾಗಿ, ಉಸಿರು ಕಟ್ಟಿ, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದುಹೋಯಿತಂತೆ. ಜೊತೆಯವರು ಹಾರ್ಟ್ ಅಟ್ಯಾಕೇ ಎಂದುಕೊಂಡು, ಮಾಲು ತುಂಬಿ ನಿಂತಿದ್ದ ಟೆಂಪೋಗೇ ಹತ್ತಿಸಿ ನರ್ಸಿಂಗ್ ಹೋಮಿಗೆ ತಂದರು. ನಾನೂ ಅಕ್ಕನೂ ಅಳುತ್ತಾ ಓಡಿದೆವು. ಇಸಿಜಿ ತೆಗೆದ ಡಾಕ್ಟರು ಕಾಗದ ನೋಡಿ ನಕ್ಕರು. "ಏನೂ ಆಗಿಲ್ಲ ಸಾರ್. ಹಾರ್ಟು ಫಸ್ಟ್ ಕ್ಲಾಸಾಗಿದೆ. ಬರೀ ಗಾಬರಿ. ಗಾಬರಿ ಬಿಟ್ಬಿಡಿ, ಎಲ್ಲಾ ಸರಿಹೋಗುತ್ತೆ."

ವಾಪಸು ಬರುವಾಗ ಆಟೋದಲ್ಲಿ ಭಾವ ಇಸಿಜಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬೀಡಿ ಬಿಡು ಅಂದಿದ್ರೆ ಬಿಡಬಹುದಿತ್ತು ಕಣವ್ವ. ಗಾಬರಿ ಬಿಡು ಅಂದ್ರೆ ಎಲ್ಲಿ ಬಿಡ್ಲಿ? ಹೆಂಗೆ ಬಿಡಬೇಕು ಅಂತ ಆ ಮನುಷ್ಯ ಹೇಳ್ಲೇ ಇಲ್ವಲ್ಲ!" ಎಂದರು.

ಆಗೆಲ್ಲ ಈ ಕಾಯಿಲೆಗೆ ಈಗಿನ ಹಾಗೆ ಹೆಸರಿರಲಿಲ್ಲ. ಹೆಸರಿರಲಿಲ್ಲ ಎಂದರೆ ತಪ್ಪು, ಇಡೀ ಬೀದಿಗೆ ಗೊತ್ತಿದ್ದ ಒಂದೇ ಹೆಸರಿತ್ತು: ಗ್ಯಾಸು! ಎದೆ ನೋವೇ? ಗ್ಯಾಸು. ತಲೆ ಸುತ್ತೇ? ಗ್ಯಾಸು. ಕಣ್ಣಿಗೆ ಕತ್ತಲೆ ಬಂದು ಪ್ರಾಣ ಹೋದ ಹಾಗಾಯಿತೇ? ಅಯ್ಯೋ, ಅದು ಬಹಳ ಕೆಟ್ಟ ಗ್ಯಾಸು. ಪಕ್ಕದ ಮನೆಯವರು ಓಮದ ನೀರು ಕಳಿಸಿದರು, ಹಿಂದಿನ ಮನೆಯವರು ಇಂಗು ಮಜ್ಜಿಗೆ ತಂದರು, ಮೇಲ್ಮನೆಯ ಓನರ್ ಆಂಟಿ ಗೋಲಿ ಸೋಡಾ ಹಿಡಿದುಕೊಂಡು ಸ್ವತಃ ಇಳಿದು ಬಂದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಭಾವ ಎಲ್ಲವನ್ನೂ ಒಂದೇ ಮಧ್ಯಾಹ್ನ ಕುಡಿದು, ಸಂಜೆಯ ಹೊತ್ತಿಗೆ ನಿಜವಾಗಿಯೂ ಗ್ಯಾಸು ಬರಿಸಿಕೊಂಡರು.

ಹೀಗೆ ವೈದ್ಯರೂ ಬೀದಿಯೂ ಕೈಬಿಟ್ಟ ಮೇಲೆ ಭಾವ ತಮ್ಮ ಚಿಕಿತ್ಸೆಯನ್ನು ತಾವೇ ಕೈಗೆತ್ತಿಕೊಂಡರು. ಮೊದಲ ಉಪಾಯ, ದಿನದ ಚಿಂತೆಯನ್ನೆಲ್ಲ ಬೆಳಿಗ್ಗೆಯೇ ಮಾಡಿ ಮುಗಿಸಿಬಿಡುವುದು! ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಇಷ್ಟು ಮಾಲು ಎಂದು ಗುರಿ ಇರುತ್ತದಲ್ಲ, ಹಾಗೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿದ ಮೇಲೆ ಹಜಾರದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಒಂದೊಂದಾಗಿ ಚಿಂತೆ ಮಾಡುತ್ತಿದ್ದರು. ಹೊರಗಿನವರು ನೋಡಿದರೆ ದೊಡ್ಡ ಶಿವಯೋಗಿಯೇ ಎನ್ನಬೇಕು! ಅಕ್ಕ ಕಾಫಿ ಹಿಡಿದು ಬಂದು, "ಮುಗೀತೇನ್ರೀ?" ಎನ್ನುವಳು.

"ಇರು, ಗ್ಯಾಸ್ ಸಿಲಿಂಡರು ಬಾಕಿ ಐತೆ."

"ಅದನ್ನ ನಿನ್ನೇನೇ ಮಾಡಿದ್ರಲ್ರೀ!"

"ನಿನ್ನೇದು ಸೋರೋದು. ಇವತ್ತಿಂದು ಸಿಡಿಯೋದು."

ಅಕ್ಕ ಕಾಫಿಯನ್ನು ಆರಲು ಬಿಟ್ಟು ಹೋಗುತ್ತಿದ್ದಳು. ನನ್ನ ಅಕ್ಕನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ. ಹಾವು ಬಂದರೆ ಪೊರಕೆ ತೆಗೆದುಕೊಳ್ಳುವ ಜಾತಿ. ಹಾಗಾಗಿ ಗಂಡನ ಈ ಬೆಳಗಿನ ಪಾಳಿಯನ್ನು ಅವಳು ಸೋಮಾರಿತನ ಎಂದೇ ತಿಳಿದಿದ್ದಳು.

ಎರಡನೆಯದು ನಟ್ಟು ಬೋಲ್ಟಿನ ಉಪಾಯ. ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಬೋಲ್ಟು, ಅದಕ್ಕೊಂದು ನಟ್ಟು. ಗಾಬರಿ ಶುರುವಾದ ಕೂಡಲೇ ಜೇಬಿಗೆ ಕೈ ಹಾಕಿ ನಟ್ಟನ್ನು ತಿರುಗಿಸುತ್ತಾ ಹೋಗುವುದು. ಪೂರ್ತಿ ಬಿಚ್ಚುವುದು, ಮತ್ತೆ ಪೂರ್ತಿ ಹಾಕುವುದು. ಅಷ್ಟರಲ್ಲಿ ಎದೆ ಹತೋಟಿಗೆ ಬರುತ್ತದೆ ಎಂದು ಅವರ ಅನುಭವ. ಇದರಲ್ಲಿ ಯಾರಿಗೇನು ತೊಂದರೆ? ತೊಂದರೆಯಾದದ್ದು ನನಗೆ!

ನನ್ನನ್ನು ನೋಡಲು ತುಮಕೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಓನರ್ ಆಂಟಿಯಿಂದ ಸಾಲ ತಂದ ಕಬ್ಬಿಣದ ಮಡಚುವ ಕುರ್ಚಿಗಳಲ್ಲಿ ಅವರು ಕೂತಿದ್ದರು. ನಾನು ತಲೆ ತಗ್ಗಿಸಿ ಉಪ್ಪಿಟ್ಟು ತಂದೆ. ಅಪ್ಪ ದಾವಣಗೆರೆಯಲ್ಲೇ ಇದ್ದುದರಿಂದ ನಮ್ಮ ಕಡೆ ಮಾತಾಡಬೇಕಾದ ಹಿರಿಯರು ಭಾವ ಒಬ್ಬರೇ. ಅವರೋ ಜೇಬಿನಲ್ಲಿ ಕೈಯಿಟ್ಟು ಗರಗರ ತಿರುಗಿಸುತ್ತಿದ್ದರು. ಎಲ್ಲಿ ಕೈ ಜಾರಿತೋ, ಜೇಬಿನಲ್ಲಿ ತೂತಿತ್ತೋ, ನಟ್ಟು ಟಣ್ ಎಂದು ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ಗಂಡಿನ ತಂದೆಯ ಕುರ್ಚಿಯ ಕೆಳಗೇ ನಿಂತಿತು. ಆ ಯಜಮಾನರು ಒಳ್ಳೇ ಭಾರದ ಆಸಾಮಿ. ತಮ್ಮ ಕುರ್ಚಿಯದ್ದೇ ನಟ್ಟು ಕಳಚಿತೆಂದು ತಿಳಿದು, ಉಪ್ಪಿಟ್ಟಿನ ತಟ್ಟೆಯ ಸಮೇತ ಚಂಗನೆ ಎದ್ದರು! ಅವರು ಎದ್ದದ್ದನ್ನು ನೋಡಿ ಮಿಕ್ಕವರೂ ಎದ್ದರು. ಭಾವ ನಾಲ್ಕು ಕಾಲಿನಲ್ಲಿ ಕುರ್ಚಿಯ ಕೆಳಗೆ ನುಸುಳಿ, "ಯಾರೂ ಗಾಬರಿ ಆಗಬೇಡ್ರಿ, ಇದು ನಂದು, ನಂದು!" ಎಂದು ಸಮಾಧಾನ ಹೇಳಿದರು. ವಾರದ ಮೇಲೆ ಬಂದ ಉತ್ತರ ಏನು ಗೊತ್ತೇ? ಹುಡುಗಿ ಒಪ್ಪಿಗೆ, ಹುಡುಗಿಯ ಭಾವನ ನಟ್ಟು ಯಾಕೋ ಲೂಸು!

ಮೂರನೆಯ ಉಪಾಯವನ್ನು ನಾನೇ ಎಷ್ಟೋ ಸಲ ಬಳಸಿದ್ದೇನೆ. ಎದುರಿಗೆ ಕಾಣುವ ಅಂಗಡಿ ಬೋರ್ಡನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತಾ ಬರುವುದು. "ತಲೆ ಅದ್ರಲ್ಲಿ ಸಿಗಾಕ್ಕೊಂಡ್ರೆ ಎದೆನ ಮರೀತೈತೆ" ಎಂಬುದು ಅವರ ಸಿದ್ಧಾಂತ. ಒಂದು ಕಷ್ಟವೆಂದರೆ, ಬಸ್ಸಿನ ಬೋರ್ಡನ್ನೂ ಹಾಗೆಯೇ ಓದುತ್ತಾ ನಿಂತು ಬಸ್ಸನ್ನೇ ಬಿಟ್ಟುಬಿಡುತ್ತಿದ್ದರು.

ಇಷ್ಟೆಲ್ಲ ಉಪಾಯಗಳಿಗೂ ಬಗ್ಗದ ಒಂದು ವಸ್ತುವಿತ್ತು, ತುಮಕೂರು ರಸ್ತೆ. ನಮ್ಮ ಮನೆ ರಸ್ತೆಯ ಈ ಕಡೆ, ಕಾರ್ಖಾನೆ ಆ ಕಡೆ. ನಡುವೆ ಹೆದ್ದಾರಿ. ಆಗ ಮೇಲ್ಸೇತುವೆಯೂ ಇಲ್ಲ, ಸಿಗ್ನಲ್ಲೂ ಇಲ್ಲ. ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಲಾರಿಗಳು. ನಾವೆಲ್ಲ ಸೆರಗು ಸಿಕ್ಕಿಸಿಕೊಂಡು, ದೇವರ ಮೇಲೆ ಭಾರ ಹಾಕಿ ಓಡಿ ದಾಟುತ್ತಿದ್ದೆವು. ಭಾವ ಮಾತ್ರ ನಮಗಿಂತ ಎಷ್ಟೋ ಮೊದಲೇ ಮನೆ ಬಿಟ್ಟು, ಈ ಕಡೆಯ ಸ್ಟಾಪಿನಲ್ಲಿ ಮೆಜೆಸ್ಟಿಕ್ ಬಸ್ಸು ಹತ್ತಿ, ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ವಾಪಸು ಬರುವ ಬಸ್ಸು ಹಿಡಿದು ಆ ಕಡೆಯ ಸ್ಟಾಪಿನಲ್ಲಿ ಇಳಿಯುತ್ತಿದ್ದರು! ರಸ್ತೆಯ ಆಚೆ ಬದಿಗೆ ಹೋಗಲು ಊರನ್ನೇ ಸುತ್ತಿ ಬರುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ಭಾವ, ಎದುರುಗಡೆಗೆ ಹೋಗೋಕೆ ಮೆಜೆಸ್ಟಿಕ್ ಯಾಕೆ?" ಎಂದು ಒಮ್ಮೆ ಕೇಳಿದೆ.

"ಅಲ್ಲಿಂದ ಹತ್ತಿದ್ರೆ ಸೀಟು ಸಿಗ್ತೈತೆ."

"ನಡೆದು ದಾಟಿದ್ರೆ ಸೀಟೇ ಬೇಡವಲ್ಲ!"

"ಹಂಗಾದ್ರೆ ನಿಂತ್ಕೊಂಡೇ ಹೋಗು ಅಂತೀಯ?" ಎಂದು ನನ್ನನ್ನೇ ಗದರಿಸಿದರು. ಈ ವಾದಕ್ಕೆ ಉತ್ತರವನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಸಂಜೆ ಹೇಗೆ ಬರುತ್ತಾರೆ ಎಂಬುದು ಗೊತ್ತಾಗಿದ್ದು ಒಂದು ದಿನ ನನ್ನ ಆಫೀಸು ಬೇಗ ಬಿಟ್ಟಾಗ. ರಸ್ತೆಯ ಅಂಚಿನಲ್ಲಿ ಭಾವ ನಿಂತಿದ್ದರು. "ಬನ್ನಿ ಭಾವ, ದಾಟೋಣ" ಎಂದು ಕೈ ಹಿಡಿದರೆ ಕೈ ಮಂಜುಗಡ್ಡೆ. ತುಟಿ ಬಿಳಿಚಿಕೊಂಡಿತ್ತು. "ಸ್ವಲ್ಪ ಇರು, ಲೇಸು ಬಿಚ್ಚೈತೆ" ಎಂದು ಬಗ್ಗಿದರು. ಕಾಲಲ್ಲಿದ್ದದ್ದು ಹವಾಯ್ ಚಪ್ಪಲಿ! ನನಗೆ ನಗು ಬರಲಿಲ್ಲ. ನಾನೂ ಪಕ್ಕದಲ್ಲಿ ಸುಮ್ಮನೆ ನಿಂತೆ.

ಅಷ್ಟರಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟಿತು. ಹೆಂಗಸರ ದೊಡ್ಡ ಹಿಂಡು ಬಂದು ರಸ್ತೆಯಂಚಿನಲ್ಲಿ ನೆರೆಯಿತು. ತಲೆಯಲ್ಲಿ ಕನಕಾಂಬರ, ಕೈಯಲ್ಲಿ ಟಿಫನ್ ಬ್ಯಾಗು, ಸೀರೆಯ ಮೇಲೆಲ್ಲ ದಾರದ ಚೂರು. ಅವರೆಲ್ಲ ಒಟ್ಟಿಗೆ ಇಳಿದರೆ ಯಾವ ಲಾರಿಯಾದರೂ ನಿಲ್ಲಲೇಬೇಕು. "ಈಗ ನಡಿಯವ್ವ" ಎಂದವರೇ ಭಾವ ಆ ಗುಂಪಿನ ನಟ್ಟನಡುವೆ ಸೇರಿಕೊಂಡರು. ಸುತ್ತಲೂ ಹೂವು, ಬಳೆ, ಸೆರಗು. ಮಧ್ಯೆ ವಿಭೂತಿ ಹಣೆಯ ನಮ್ಮ ಭಾವ! ಈ ಕಡೆ ಬಂದ ಮೇಲೆ ಏದುಸಿರು ಬಿಡುತ್ತಾ, "ನಿಮ್ಮಕ್ಕನಿಗೆ ಹೇಳಬಾರದು. ನನ್ನ ಮೇಲಾಣೆ" ಎಂದರು.

"ಏನನ್ನ ಭಾವ?"

"ಲೇಸು ಕಟ್ಟಿದ್ದನ್ನ."

ಆಣೆ ಇಟ್ಟೆ. ನಾನು ಹೇಳದಿದ್ದರೇನು, ಊರಿಗೆ ಕಣ್ಣಿಲ್ಲವೇ? ಓನರ್ ಆಂಟಿ ತರಕಾರಿಗೆ ಹೋದಾಗಲೆಲ್ಲ ಈ ಮೆರವಣಿಗೆಯನ್ನು ನೋಡಿದ್ದರು. ಒಂದು ಮಧ್ಯಾಹ್ನ ಬಂದು ಅಕ್ಕನ ಪಕ್ಕದಲ್ಲಿ ಕೂತು, "ನೋಡಮ್ಮಾ, ನಂಗ್ಯಾಕೆ ಊರ ಉಸಾಬರಿ. ಆದ್ರೂ ಮನಸ್ಸು ತಡೀಲಿಲ್ಲ. ನಿಮ್ಮೆಜಮಾನ್ರು ದಿನಾ ಸಾಯಂಕಾಲ ಗಾರ್ಮೆಂಟ್ಸ್ ಹುಡ್ಗೀರ ಮಧ್ಯೆ ಬರ್ತಾರೆ ಕಣಮ್ಮಾ. ಮೈಗೆ ಮೈ ತಾಗಿಸ್ಕೊಂಡು!" ಎಂದು ಹೇಳಿ ಹೋದರು.

ಅಕ್ಕ ಅಳಲಿಲ್ಲ. ಪಾತ್ರೆಗಳು ಅತ್ತವು! ಅಡುಗೆಮನೆಯಿಂದ ಬಂದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದವು. ಭಾನುವಾರ ಬೆಳಿಗ್ಗೆ ಭಾವ ಚಿಂತೆಗೆ ಕೂತಿದ್ದಾಗ ಅವಳು ಎದುರಿಗೆ ನಿಂತು ಕೇಳಿಯೇ ಬಿಟ್ಟಳು.

"ಸಂಜೆ ಹೊತ್ತು ಹೆಂಗಸರ ಜೊತಿ ಬರೋದು ಹೌದೋ ಅಲ್ವೋ?"

ಭಾವ ಕಣ್ಣು ತೆರೆದರು. "ಹೌದು."

"ಯಾರ್ರೀ ಅವಳು?"

"ಯಾರೂ ಅಲ್ಲ" ಎಂದರು ಭಾವ. ಸತ್ಯವಂತರಲ್ಲವೇ, ಸ್ವಲ್ಪ ಯೋಚಿಸಿ, "ಎಲ್ಲಾರೂ" ಎಂದು ಸೇರಿಸಿದರು.

ಅಕ್ಕ ಅಟ್ಟದ ಮೇಲಿನ ಟ್ರಂಕು ಇಳಿಸಿದಳು. ಮಂಗಳವಾರ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೋಗುವುದು ಖಂಡಿತ, ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಅಕ್ಕ ಹೇಳಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ನಮ್ಮ ವಂಶದಲ್ಲೇ ಇಲ್ಲ. ನಾನು ಒಂದು ಮಾತು ಹೇಳಿದರೆ ಸಂಸಾರ ಉಳಿಯುತ್ತದೆ, ಆ ಒಂದು ಮಾತಿಗೆ ಆಣೆ ಅಡ್ಡ ನಿಂತಿದೆ. ಹಿತ್ತಲಿಗೆ ಹೋಗಿ ಭಾವನನ್ನು ಹಿಡಿದುಕೊಂಡೆ.

"ಹೇಳಿಬಿಡಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ನಿಜವಾಗ್ಲೂ ಹೋಗ್ತಾಳೆ."

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಟ್ಟು ತಿರುಗಿಸುತ್ತಿದ್ದರು. ತಲೆ ಎತ್ತದೆ ಹೇಳಿದರು. "ಹೆಂಗಸರ ಹುಚ್ಚು ಅಂದ್ರೆ ಸಿಟ್ಟು ಮಾಡ್ಕೊಳ್ತಾಳೆ. ಸಿಟ್ಟು ಇಳೀತೈತೆ. ಗಂಡ ಒಂದು ರಸ್ತೆ ದಾಟೋಕಾಗದ ಪುಕ್ಲ ಅಂತ ಗೊತ್ತಾದ್ರೆ? ಆಮೇಲೆ ನನ್ನ ಮುಖ ನೋಡಿದಾಗೆಲ್ಲ ಅದೇ ಕಾಣ್ತೈತೆ ಅವಳಿಗೆ. ಬೇಡ ಕಣವ್ವ."

ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನನಗೆ ಅಯ್ಯೋ ಎನ್ನಿಸಿತು, ಸಿಟ್ಟೂ ಬಂತು. ಶೀಲಗೆಟ್ಟವನು ಎನ್ನಿಸಿಕೊಂಡರೂ ಸರಿ, ಹೆದರುವವನು ಎನ್ನಿಸಿಕೊಳ್ಳಬಾರದಂತೆ! ಈ ಗಂಡಸರಿಗೆ ಯಾವ ಪುಣ್ಯಾತ್ಮ ಇದನ್ನು ಕಲಿಸಿದನೋ.

ಸೋಮವಾರ ನಾನು ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಅಕ್ಕ ಟ್ರಂಕಿಗೆ ಸೀರೆ ಮಡಚಿಡುತ್ತಿದ್ದವಳು ಸಂಜೆ ಇದ್ದಕ್ಕಿದ್ದಂತೆ ಎದ್ದಳು. "ಹೋಗೋಕೆ ಮುಂಚೆ ಒಂದ್ಸಲ ಕಣ್ಣಾರೆ ನೋಡಿಬಿಡ್ತೀನಿ. ನಡಿ ನೀನೂ. ನಾಳೆ ಊರಲ್ಲಿ ಅಪ್ಪ ಕೇಳಿದ್ರೆ ಸಾಕ್ಷಿ ಬೇಕು" ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು. ರಸ್ತೆಯ ಈ ಬದಿಯಲ್ಲಿ, ಎಳನೀರು ಗಾಡಿಯ ಮರೆಯಲ್ಲಿ ಇಬ್ಬರೂ ನಿಂತೆವು. ಎದುರಿನ ಟೈರ್ ಅಂಗಡಿಯ ಬೋರ್ಡನ್ನು ಹಿಂದುಮುಂದಾಗಿ ಎಷ್ಟು ಸಲ ಓದಿದರೂ ನನ್ನ ಎದೆ ಹತೋಟಿಗೆ ಬರಲಿಲ್ಲ.

ಗಾರ್ಮೆಂಟ್ಸ್ ಬಿಟ್ಟಿತು. ಹೆಂಗಸರು ಬಂದು ಆ ಬದಿಯಲ್ಲಿ ನೆರೆದರು. ಭಾವ ಇನ್ನೂ ಇರಲಿಲ್ಲ. ಲಾರಿಗಳ ನಡುವೆ ದೊಡ್ಡ ಬಿಡುವು ಸಿಕ್ಕಿತು. ಯಾರೂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿಡುವು ಬಂತು, ರಸ್ತೆ ಪೂರ್ತಿ ಖಾಲಿಯಾಯಿತು. ಆಗಲೂ ಇಳಿಯಲಿಲ್ಲ.

"ಯಾಕೆ ದಾಟ್ತಿಲ್ಲ ಇವ್ರು?" ಎಂದಳು ಅಕ್ಕ.

ಒಬ್ಬಳು ಚಪ್ಪಲಿ ಬಿಟ್ಟು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು. ಇನ್ನೊಬ್ಬಳು ವಾಚು ನೋಡಿಕೊಂಡಳು. ದಿನವಿಡೀ ಮೆಷಿನ್ನು ತುಳಿದು ಬಂದ ಕಾಲುಗಳು, ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೊತ್ತು. ಆದರೂ ಎಲ್ಲರೂ ರಸ್ತೆಗೆ ಬೆನ್ನು ತಿರುಗಿಸಿ ಹಿಂದಿನ ಓಣಿಯ ಕಡೆ ನೋಡುತ್ತಿದ್ದರು. ಆ ಓಣಿಯಿಂದ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ದಡಬಡನೆ ಬಂದರು ನಮ್ಮ ಭಾವ.

ಯಾರೂ ಅವರನ್ನು ನೋಡಿ ನಗಲಿಲ್ಲ, ಮಾತಾಡಿಸಲಿಲ್ಲ. ಸುಮ್ಮನೆ ಗುಂಪಿನ ನಡುವೆ ಒಂದಿಷ್ಟು ಜಾಗವಾಯಿತು. ಭಾವ ಯಾರಿಗೂ ಕಾಣದಂತೆ ನುಸುಳುತ್ತಿದ್ದೇನೆ ಎಂಬ ಠೀವಿಯಲ್ಲಿ ಅದರೊಳಗೆ ಸೇರಿದರು. ಮುಂದಿದ್ದ ಎತ್ತರದ ಹೆಂಗಸೊಬ್ಬಳು ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದಳು. ಎಲ್ಲರೂ ಇಳಿದರು. ನಡುರಸ್ತೆಗೆ ಬಂದಾಗ ಮೋಟಾರ್ ಬೈಕೊಂದು ಅಡ್ಡಾದಿಡ್ಡಿ ನುಗ್ಗಿತು. ಭಾವ ನಿಂತುಬಿಟ್ಟರು. ಕಾಲು ನೆಲಕ್ಕೆ ಅಂಟಿಕೊಂಡಿತು. ಮುಖದಲ್ಲಿ ರಕ್ತವಿರಲಿಲ್ಲ. ಅವರು ನಿಂತದ್ದೇ ತಡ, ಇಡೀ ಗುಂಪೂ ನಿಂತಿತು! ಎರಡೂ ಕಡೆಯಿಂದ ಹಾರನ್ನು, ಬೈಗುಳ. ಆ ಹೆಂಗಸರು ಕೇಳಿಸದವರ ಹಾಗೆ, ಭಾವನ ಕಡೆ ತಿರುಗಿಯೂ ನೋಡದೆ, ಸೆರಗು ಸರಿಮಾಡಿಕೊಳ್ಳುತ್ತಾ ನಿಂತರು. ಭಾವನ ಕಾಲು ಕದಲಿದ ಮೇಲೆ ಅವರೂ ಕದಲಿದರು.

ಅಕ್ಕನ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಗುಂಪು ಈ ಕಡೆಗೆ ಬಂದು ಚದುರತೊಡಗಿದಾಗ ಅವಳು ಗಾಡಿಯ ಮರೆಯಿಂದ ಹೊರಗೆ ಬಂದು ನಿಂತಳು. ಭಾವ ಅವಳನ್ನು ನೋಡಿದರು. ಬಾಯಿ ತೆರೆದರು. ಆ ಹೊತ್ತಿಗೆ ಒಂದು ಕಾರಣವೂ ಸಿಗಲಿಲ್ಲ ಪಾಪ ಅವರಿಗೆ.

ಆ ಎತ್ತರದ ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. "ಅಣ್ಣನ ಮನೇವ್ರಾ?" ಎಂದು ಅಕ್ಕನ ಹತ್ತಿರ ಬಂದಳು. "ನೀವು ಸಿಕ್ಕಿದ್ದು ಒಳ್ಳೇದಾಯ್ತು ಬುಡಿ ಅಕ್ಕಾ. ನಾಳೀಕೆ ನಮ್ ಫ್ಯಾಕ್ಟ್ರಿಗೆ ರಜಾ. ಅಣ್ಣ ಒಬ್ರೇ ಎಂಗೆ ದಾಟ್ತಾರೆ ಅಂತ ಬೆಳಗ್ಗಿಂದ ನಮಗೆಲ್ಲಾ ಅದೇ ಯೋಚ್ನೆ. ನಾಳೆ ಒಂದ್ ಸಂಜೆ ನೀವು ಬಂದು ದಾಟಿಸ್ಕೊಂಡು ಓಗ್ತೀರಾ?"

ಭಾವ ತಲೆ ತಗ್ಗಿಸಿದರು. ಹಾವಿಗೂ ಹೆದರದ ನನ್ನ ಅಕ್ಕನ ಗದ್ದ ನಡುಗುತ್ತಿತ್ತು. ಅವಳು ಭಾವನ ಕೈಯಿಂದ ಟಿಫನ್ ಕ್ಯಾರಿಯರ್ ತೆಗೆದು ನನಗೆ ಕೊಟ್ಟಳು. ಅದೇ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಆ ಹೆಂಗಸನ್ನು ಕೇಳಿದಳು:

"ಬರ್ತೀನಿ ಕಣವ್ವ. ಎಷ್ಟೊತ್ತಿಗೆ ಬಂದು ನಿಂತ್ಕೊಳ್ಳಲಿ?"